ಖಾವಂದರಿಂದ ಮಾನ್ಯರವರೆಗೆ

ಅರ್ಜಿ ಬರೆಯುವವನಿಗೆ ತನ್ನ ಸಂಕಟಕ್ಕಿಂತ ಮೊದಲು ಸಂಬೋಧನೆಯ ಚಿಂತೆ. ಹೊಲದ ತಕರಾರು, ನಿಂತುಹೋದ ಪಿಂಚಣಿ ಇವೆಲ್ಲ ಎರಡನೆಯ ಸಾಲಿನಿಂದ. ಮೊದಲನೆಯದು ಅಧಿಕಾರಿಗೆ ಮೀಸಲು. ಹಿಂದೆ ಆ ಸಾಲಿನಲ್ಲಿ ‘ಖಾವಂದರು’ ಇರುತ್ತಿದ್ದರು, ‘ಹುಜೂರ್’ ಇರುತ್ತಿತ್ತು. ಖಾವಂದನೆಂದರೆ ಪಾರಸಿಯಲ್ಲಿ ಒಡೆಯ. ಹುಜೂರ್ ಎಂದರೆ ಅರಬ್ಬಿಯಲ್ಲಿ ಸನ್ನಿಧಿ. ದೊಡ್ಡವರನ್ನು ನೇರವಾಗಿ ಕರೆಯಲಂಜಿ ಅವರ ಇರವನ್ನೋ ಗುಣವನ್ನೋ ಕರೆಯುವುದು ಎಲ್ಲ ಆಸ್ಥಾನಗಳ ಜಾಣತನ. ಇಂಗ್ಲಿಷರ ‘ಯುವರ್ ಎಕ್ಸೆಲೆನ್ಸಿ’ಯೂ ಇದೇ ಜಾತಿಯದು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 18ನೆಯ ಅನುಚ್ಛೇದವು ಸೈನಿಕ ಮತ್ತು ವಿದ್ಯಾಸಂಬಂಧವಾದವುಗಳ ಹೊರತು ಬೇರಾವ ಬಿರುದನ್ನೂ ರಾಜ್ಯವು ಕೊಡಕೂಡದೆಂದಿತು. ರಾವ್ ಬಹದ್ದೂರರ ಸಂತತಿ ಅಲ್ಲಿಗೆ ನಿಂತಿತು. ಆದರೆ ಹುದ್ದೆಗೆ ಅಂಟಿಕೊಂಡ ಸಂಬೋಧನೆಗಳು ಬಿರುದುಗಳಲ್ಲವಷ್ಟೆ; ಅವು ಸುಖವಾಗಿ ಉಳಿದುಕೊಂಡವು. ರಾಷ್ಟ್ರಪತಿಗಳಿಗೆ ಹಿಂದಿಯಲ್ಲಿ ಸಲ್ಲುತ್ತಿದ್ದ ‘ಮಹಾಮಹಿಮ’ವನ್ನೂ ಇಂಗ್ಲಿಷಿನ ‘ಎಕ್ಸೆಲೆನ್ಸಿ’ಯನ್ನೂ ದೇಶದೊಳಗಿನ ಸಮಾರಂಭಗಳಲ್ಲಿ ಬಿಡಿಸಲು 2012ರವರೆಗೆ, ಪ್ರಣವ್ ಮುಖರ್ಜಿಯವರ ಕಾಲದವರೆಗೆ, ಕಾಯಬೇಕಾಯಿತು. ಪರದೇಶದ ಗಣ್ಯರೊಡನೆ ಮಾತ್ರ ಹಳೆಯ ಪದ್ಧತಿಯೇ ಇರಲೆಂದಾಯಿತು.

ನ್ಯಾಯಾಲಯದ ಕಥೆ ಇನ್ನೂ ಸ್ವಾರಸ್ಯವಾದದ್ದು. ‘ಮೈ ಲಾರ್ಡ್’ ಎಂಬುದು ವಸಾಹತುಕಾಲದ ಅವಶೇಷವೆಂದು ಭಾವಿಸಿದ ಭಾರತೀಯ ವಕೀಲರ ಪರಿಷತ್ತು 2006ರಲ್ಲಿ ನಿಯಮವನ್ನೇ ರಚಿಸಿತು. ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳಲ್ಲಿ ‘ಯುವರ್ ಆನರ್’ ಅಥವಾ ‘ಆನರಬಲ್ ಕೋರ್ಟ್’. ಕೆಳಗಿನ ನ್ಯಾಯಾಲಯಗಳಲ್ಲಿ ‘ಸರ್’, ಇಲ್ಲವೆ ಆಯಾ ಪ್ರಾಂತಭಾಷೆಯ ಸಮಾನಪದ. ‘ಮೈ ಲಾರ್ಡ್’ ಎನ್ನುವುದು ಕಡ್ಡಾಯವಲ್ಲ, ಗೌರವವಿದ್ದರೆ ಸಾಕೆಂದು ಸರ್ವೋಚ್ಚ ನ್ಯಾಯಾಲಯವೂ 2014ರಲ್ಲಿ ಹೇಳಿತು. ಆದರೂ 2021ರಲ್ಲಿ ಕಾನೂನು ವಿದ್ಯಾರ್ಥಿಯೊಬ್ಬನು ಅದೇ ನ್ಯಾಯಾಲಯದಲ್ಲಿ ‘ಯುವರ್ ಆನರ್’ ಎಂದಾಗ, ಅದು ಅಮೆರಿಕದ ರೂಢಿಯೆಂಬ ಆಕ್ಷೇಪ ಪೀಠದಿಂದಲೇ ಬಂದಿತು! ಅದೇ ವರ್ಷ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಪಿ. ಕೃಷ್ಣ ಭಟ್ ಅವರು ತಮ್ಮನ್ನು ‘ಸರ್’ ಎಂದರೆ ಸಾಕೆಂದು ವಕೀಲರನ್ನು ಕೋರಿದರು.

ಇಷ್ಟಾದರೂ ವಕೀಲರ ನಾಲಗೆ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಇದನ್ನು ಬರಿಯ ದಾಸ್ಯಬುದ್ಧಿಯೆಂದು ಹಳಿಯುವುದು ಸುಲಭ. ಆದರೆ ವಕೀಲನು ಅಲ್ಲಿ ತನಗಾಗಿ ಮಾತನಾಡುವವನಲ್ಲ. ಅವನ ಹಿಂದಿನ ಬೆಂಚಿನಲ್ಲಿ ಕಕ್ಷಿದಾರನು ಕೈಜೋಡಿಸಿ ಕುಳಿತಿರುತ್ತಾನೆ. ಇಂಗ್ಲಿಷು ತಿಳಿಯದಿದ್ದರೂ ನ್ಯಾಯಾಧೀಶರ ಹುಬ್ಬು ಗಂಟಿಕ್ಕಿದ್ದು ಅವನಿಗೆ ತಿಳಿಯುತ್ತದೆ. ಅವನ ಎರಡೆಕರೆ ಗದ್ದೆಯ ತೀರ್ಪು ಹೊರಬೀಳುವ ದಿನ, ಹೊಸ ಸಂಬೋಧನೆಯೊಂದನ್ನು ಪ್ರಯೋಗಿಸಿ ನೋಡಲು ಯಾವ ವಕೀಲನಿಗೆ ಧೈರ್ಯ ಬಂದೀತು?