ಸಾಮುದಾಯಿಕ ಕಾರ್ಯಾಗಾರಗಳು ಮತ್ತು ಸೃಜನಶೀಲ ಚಿಂತನೆ

ಪ್ರಯೋಗಶಾಲೆಯ ಬೀರುವಿನ ಬೀಗದ ಕೈ ಯಾರ ಬಳಿ ಇರಬೇಕೆಂಬ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವಾಗಿ ಕಾಣಬಹುದು. ಆದರೆ ಅಧ್ಯಾಪಕ ವೃತ್ತಿಯಲ್ಲಿ ಬಹುಕಾಲ ಕಳೆದ ನನಗೆ ಅದು ಶಿಕ್ಷಣದ ಮೂಲಭೂತ ಪ್ರಶ್ನೆಗಳಲ್ಲಿ ಒಂದೆಂದೇ ತೋರುತ್ತದೆ.

'ಮೇಕರ್‌ಸ್ಪೇಸ್' ಎಂಬ ಹೆಸರು ಈಚೆಗೆ ಶಿಕ್ಷಣ ವಲಯದಲ್ಲಿ ಬಹುವಾಗಿ ಕೇಳಿಬರುತ್ತಿದೆ. ಊರಿನ ಮಕ್ಕಳು, ಹಿರಿಯರು, ಕಸುಬುದಾರರು ಒಂದೆಡೆ ಕಲೆತು, ಉಪಕರಣಗಳನ್ನು ಹಂಚಿಕೊಂಡು, ತಮಗೆ ಬೇಕಾದುದನ್ನು ತಾವೇ ಮಾಡಿ ನೋಡುವ ಕಾರ್ಯಾಗಾರವೆಂದು ಅದನ್ನು ವಿವರಿಸಬಹುದು. ಅಲ್ಲಿ ಗೊತ್ತುಪಡಿಸಿದ ಪಾಠವಿಲ್ಲ, ಪರೀಕ್ಷೆಯಿಲ್ಲ. ಹೆಸರು ಹೊಸದಾದರೂ ಸಂಗತಿ ಹಳೆಯದು. ಕಮ್ಮಾರನ ಕುಲುಮೆಯ ಬಳಿ ತಿದಿಯೊತ್ತುತ್ತ ಕುಳಿತ ಹುಡುಗನೂ ಹೀಗೆಯೇ ಕಲಿಯುತ್ತಿದ್ದನು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಮುಂದಿರಿಸಿದ ಮೂಲಶಿಕ್ಷಣದ ತಿರುಳೂ ಕಸುಬಿನ ಮೂಲಕ ಜ್ಞಾನವೆಂಬುದೇ ಆಗಿತ್ತು. ಅದು ಎಷ್ಟೋ ಶಾಲೆಗಳಲ್ಲಿ ತಕಲಿಯ ತಾಸಾಗಿ ಕುಗ್ಗಿಹೋದುದು ವಿಷಾದದ ಸಂಗತಿ. ಕೈ ದುಡಿಯಿತು, ಯೋಚನೆಗೆ ಎಡೆ ದೊರೆಯಲಿಲ್ಲ.

ಈ ಕೊರತೆಯನ್ನು ತುಂಬಿದ ಪ್ರಯೋಗವೊಂದು ನಮ್ಮ ನೆರೆಯ ಮಹಾರಾಷ್ಟ್ರದಲ್ಲಿಯೇ ಇದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಹಿಂದೂಸ್ತಾನ್ ಲಿವರ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಎಸ್. ಎಸ್. ಕಲಬಾಗ್ ಅವರು ಕೆಲಸ ಬಿಟ್ಟು, 1983ರಲ್ಲಿ ಪುಣೆ ಜಿಲ್ಲೆಯ ಪಾಬಳ ಎಂಬ ಗ್ರಾಮದಲ್ಲಿ 'ವಿಜ್ಞಾನ ಆಶ್ರಮ'ವನ್ನು ಆರಂಭಿಸಿದರು. ಪಾಬಳ ಮಳೆ ಕಡಿಮೆಯಾದ, ಬರಪೀಡಿತ ಪ್ರದೇಶ. ಶಾಲೆಯಲ್ಲಿ ಮುಂದುವರಿಯಲಾಗದ ಹುಡುಗರನ್ನೂ ಅವರು ಬರಮಾಡಿಕೊಂಡರು. ಬೆಸುಗೆ, ಗಾರೆಕೆಲಸ, ವಿದ್ಯುತ್ ಜೋಡಣೆ, ಬೇಸಾಯ, ಪಶುಪಾಲನೆ, ಮಣ್ಣಿನ ಪರೀಕ್ಷೆ, ರಕ್ತದ ಗುಂಪಿನ ಪರೀಕ್ಷೆ—ಇವೇ ಅಲ್ಲಿನ ಪಾಠಗಳು. ಊರಿಗೆ ಏನು ಬೇಕೋ ಅದೇ ಪಠ್ಯಕ್ರಮ.

ಅಲ್ಲಿ ರೂಪುಗೊಂಡ 'ಪಾಬಳ ಗುಮ್ಮಟ'ವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ನಾಲ್ಕು ಕೋಲುಗಳ ಚೌಕವನ್ನು ಮೂಲೆಯಿಂದ ನೂಕಿದರೆ ಅದು ವಾಲುತ್ತದೆ. ಮೂರು ಕೋಲುಗಳ ತ್ರಿಕೋನ ವಾಲುವುದಿಲ್ಲ. ಈ ಒಂದು ತತ್ತ್ವದ ಮೇಲೆ, ಕೆಲವೇ ಅಳತೆಯ ಗಿಡ್ಡ ಸಲಾಕೆಗಳನ್ನು ತ್ರಿಕೋನಗಳಾಗಿ ಬೋಲ್ಟಿನಿಂದ ಜೋಡಿಸುತ್ತ ಹೋದರೆ ನಡುವೆ ಕಂಬವಿಲ್ಲದ ಮನೆ ಎದ್ದು ನಿಲ್ಲುತ್ತದೆ. ಉದ್ದನೆಯ ತೊಲೆಯಾಗಲಿ, ಭಾರ ಎತ್ತುವ ಯಂತ್ರವಾಗಲಿ ಬೇಕಿಲ್ಲ. ಬೇಕಾದುದು ಅಳತೆಯ ನಿಷ್ಠೆ. ಸಲಾಕೆಯೊಂದನ್ನು ತಪ್ಪಾಗಿ ಕತ್ತರಿಸಿದರೆ ಆ ತಪ್ಪು ಅಲ್ಲಿಯೇ ಅಡಗಿರುವುದಿಲ್ಲ. ಕೊನೆಯ ತ್ರಿಕೋನ ಕೂಡುವಾಗ ರಂಧ್ರಕ್ಕೆ ರಂಧ್ರ ಹೊಂದದೆ ಹೊರಬೀಳುತ್ತದೆ. ಕೆಂಪು ಶಾಯಿಯ ಗುರುತು ಅಲ್ಲಿ ಅನಾವಶ್ಯಕ. ತ್ರಿಕೋನದ ಪ್ರಮೇಯವನ್ನು ಬಾಯಿಪಾಠ ಮಾಡಿ ಮರೆತ ವಿದ್ಯಾರ್ಥಿಯೂ ಎಲ್ಲಿ ತಪ್ಪಿತೆಂದು ಹಿಂದಿರುಗಿ ಹುಡುಕಲೇಬೇಕು. ಆ ಹುಡುಕಾಟವೇ ಸೃಜನಶೀಲ ಚಿಂತನೆಯ ಆರಂಭವೆಂದು ನಾನು ತಿಳಿಯುತ್ತೇನೆ. ಚಿತ್ರಕಲೆ, ಕವಿತೆಗಳಿಗಷ್ಟೇ ಆ ಪದವನ್ನು ಮೀಸಲಿಡುವುದು ಸಲ್ಲದು.

ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ರೊಫೆಸರ್ ನೀಲ್ ಗರ್ಶನ್‌ಫೆಲ್ಡ್ ಅವರು ರೂಪಿಸಿದ 'ಫ್ಯಾಬ್ ಲ್ಯಾಬ್' ಕಾರ್ಯಾಗಾರವು ತನ್ನ ದೇಶದಾಚೆ ಕಾಲಿಟ್ಟಾಗ, 2002ರಲ್ಲಿ, ಮೊದಮೊದಲು ನೆಲೆಗೊಂಡ ಸ್ಥಳಗಳಲ್ಲಿ ಪಾಬಳವೂ ಒಂದಾಯಿತು. ಕಂಪ್ಯೂಟರಿನ ಆಣತಿಯಂತೆ ಕತ್ತರಿಸುವ, ಕೊರೆಯುವ ಯಂತ್ರಗಳು ಬೆಸುಗೆಯ ಶೆಡ್ಡಿನ ನೆರೆಗೆ ಬಂದವು. ಡಾ. ಕಲಬಾಗ್ ಅವರು 2003ರಲ್ಲಿ ತೀರಿಕೊಂಡರು, ಸಂಸ್ಥೆ ನಿಲ್ಲಲಿಲ್ಲ.

ಕೇಂದ್ರ ಸರ್ಕಾರವು 2016ರಲ್ಲಿ 'ಅಟಲ್ ಟಿಂಕರಿಂಗ್ ಲ್ಯಾಬ್' ಯೋಜನೆಯನ್ನು ಪ್ರಾರಂಭಿಸಿ, 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ನೆರವನ್ನು ಗೊತ್ತುಪಡಿಸಿತು. ಇದು ಸ್ತುತ್ಯ ಕಾರ್ಯವೇ ಸರಿ. ಆದರೆ ನಾನು ಕಂಡ ಒಂದು ಕೊಠಡಿಯಲ್ಲಿ, ತ್ರೀ-ಡಿ ಮುದ್ರಣ ಯಂತ್ರಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ತೆಗೆದಿರಲಿಲ್ಲ. ಯಂತ್ರ ಕೆಟ್ಟರೆ ಸ್ಟಾಕ್ ರಿಜಿಸ್ಟರಿನಲ್ಲಿ ಏನು ಬರೆಯುವುದೆಂಬ ಅಧ್ಯಾಪಕರ ಅಂಜಿಕೆಯನ್ನು ನಾನು ಬಲ್ಲೆ, ಅವರನ್ನು ದೂರಲಾರೆ. ದಾನಿಗಳಲ್ಲಿ ನನ್ನ ಬಿನ್ನಹವೂ ಇದೇ. ಯಂತ್ರಕ್ಕೆ ಕೊಡುವಾಗ, ಹಾಳಾಗಲಿರುವ ತಗಡು, ತಂತಿ, ಹಲಗೆಗಳಿಗೂ, ಸಂಜೆ ಬಾಗಿಲು ತೆರೆದು ಕುಳಿತಿರುವವನ ಸಂಬಳಕ್ಕೂ ಕೊಡಬೇಕು. ತಪ್ಪುವುದಕ್ಕೆ ಸಾಮಗ್ರಿಯಿಲ್ಲದ ಕಾರ್ಯಾಗಾರದಲ್ಲಿ ಮಕ್ಕಳು ಕೈಪಿಡಿಯ ಚಿತ್ರವನ್ನೇ ನಕಲು ಮಾಡುತ್ತಾರೆ.

ಇಷ್ಟು ಹೇಳಲು ನನಗೆ ಎಷ್ಟು ಅಧಿಕಾರವಿದೆಯೋ ತಿಳಿಯದು. ನನ್ನ ಸೇವೆಯ ಆರಂಭದ ದಿನಗಳಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪ್ರಯೋಗಶಾಲೆಯ ವಿದ್ಯುತ್ ಗಂಟೆಯನ್ನು ಬಿಚ್ಚಿಹಾಕಿದ್ದನು. ಸುತ್ತಿಗೆ ಒಮ್ಮೆ ಬಡಿದು ಸುಮ್ಮನಾಗದೆ ಮತ್ತೆ ಮತ್ತೆ ಏಕೆ ಬಡಿಯುತ್ತದೆಂದು ಅವನಿಗೆ ನೋಡಬೇಕಿತ್ತು. ಅದನ್ನೇ ಹಿಂದಿನ ವಾರ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದ್ದ ನಾನು, ಅವನನ್ನು ತರಗತಿಯ ಹೊರಗೆ ನಿಲ್ಲಿಸಿ ಬೀರುವಿಗೆ ಬೀಗ ಹಾಕಿದೆ. ಮರುವರ್ಷ ಅವನು ಶಾಲೆ ಬಿಟ್ಟನು. ಈಗ ತಾಲ್ಲೂಕು ಕೇಂದ್ರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಾನೆ. ಕಳೆದ ತಿಂಗಳು ಅವನ ಅಂಗಡಿಗೆ ಹೋಗಿ, ಶನಿವಾರ ಸಂಜೆ ನಮ್ಮ ಮಕ್ಕಳ ನಡುವೆ ಎರಡು ಗಂಟೆ ಕುಳಿತುಕೊಳ್ಳಬಹುದೇ ಎಂದು ಕೇಳಿದೆ. "ಬರ್ತೀನಿ ಸಾರ್. ಸುಟ್ಟ ಮೋಟಾರು ಎರಡು ತರ್ತೀನಿ, ಬಿಚ್ಚಲಿ" ಎಂದನು.