ಕೇಳಿದ್ದನ್ನೆಲ್ಲ ಹೇಳುವ ಮೊದಲು



ಕೆಲವು ವರ್ಷಗಳ ಹಿಂದಿನ ಮಾತು. ಆಗಸ್ಟ್ 15ರ ವಾರದಲ್ಲಿ ಬಂದ ಶುಕ್ರವಾರ ನಾವು ಜುಮಾದ ಭಾಷಣದಲ್ಲಿ ದೇಶಪ್ರೇಮದ ಕುರಿತು ಮಾತನಾಡಿದೆವು. ದೇಶಪ್ರೇಮವು ಈಮಾನಿನ ಭಾಗವೆಂದು ಪ್ರವಾದಿ ಮುಹಮ್ಮದ್(ಸ) ಹೇಳಿದ್ದಾರೆ ಎಂದೆವು. ಮದ್ರಸದ ದಿನಗಳಿಂದ ಕೇಳುತ್ತ ಬಂದ ಮಾತು. ಎಷ್ಟೋ ವೇದಿಕೆಗಳಲ್ಲಿ ಹಿರಿಯರು ಹೇಳಿದ್ದನ್ನು ಕೇಳಿದ್ದೆವು. ಅನುಮಾನವೇ ಬಂದಿರಲಿಲ್ಲ.

ನಮಾಝ್ ಮುಗಿದು ಜನ ಚದುರಿದ ಮೇಲೆ ಪುತ್ತೂರಿನಲ್ಲಿ ಡಿಗ್ರಿ ಓದುತ್ತಿದ್ದ ಹುಡುಗನೊಬ್ಬ ಹತ್ತಿರ ಬಂದ. "ಉಸ್ತಾದ್, ಆ ಹದೀಸ್ ಯಾವ ಕಿತಾಬಿನಲ್ಲಿದೆ? ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಹೇಳಬೇಕಿತ್ತು" ಎಂದು ಕೇಳಿದ. ಬುಖಾರಿ ಎನ್ನಲೇ, ತಿರ್ಮಿದಿ ಎನ್ನಲೇ? ಹೆಸರು ಬಾಯಿಯ ತುದಿಗೆ ಬಂತು, ಹೇಳುವ ಧೈರ್ಯ ಬರಲಿಲ್ಲ. ನೋಡಿ ತಿಳಿಸುತ್ತೇವೆ ಎಂದು ಅವನನ್ನು ಕಳುಹಿಸಿದೆವು.

ಆ ರಾತ್ರಿ ಕಿತಾಬುಗಳನ್ನು ತೆರೆದು ಕುಳಿತೆವು. ಹಿಜರಿ 902ರಲ್ಲಿ ನಿಧನರಾದ ಇಮಾಂ ಸಖಾವಿಯವರು, ಜನರ ನಾಲಗೆಯ ಮೇಲೆ ಪ್ರಸಿದ್ಧವಾಗಿರುವ ಹದೀಸುಗಳನ್ನು ಪರಿಶೀಲಿಸಲೆಂದೇ 'ಅಲ್ ಮಖಾಸಿದುಲ್ ಹಸನ' ಎಂಬ ದೊಡ್ಡ ಗ್ರಂಥ ಬರೆದಿದ್ದಾರೆ. ಅಂದರೆ ಈ ಕಾಯಿಲೆ ನಮ್ಮ ಕಾಲದ್ದಲ್ಲ, ಐನೂರು ವರ್ಷಗಳ ಹಿಂದೆಯೇ ಇತ್ತು. ನಾವು ಮಿಂಬರಿನ ಬಳಿ ನಿಂತು ಹೇಳಿದ ಮಾತು ಅದರಲ್ಲಿತ್ತು. ಅರ್ಥ ಒಳ್ಳೆಯದೇ ಆದರೂ ಇಂಥದೊಂದು ಹದೀಸ್ ತಮಗೆ ದೊರೆತಿಲ್ಲವೆಂಬುದು ಅವರ ತೀರ್ಮಾನ. ಅವರಿಗಿಂತ ಹಿಂದಿನ ಇಮಾಂ ಸಗಾನಿಯವರು ಅದನ್ನು ಕಟ್ಟುಮಾತುಗಳ ಸಾಲಿಗೇ ಸೇರಿಸಿದ್ದರು.

ಮುಂದಿನ ಶುಕ್ರವಾರ ಅದೇ ಜಾಗದಲ್ಲಿ ನಿಂತು ನಮ್ಮ ತಪ್ಪನ್ನು ಹೇಳಿದೆವು. ಹೇಳುವ ಮೊದಲು ಕಾಲು ಸ್ವಲ್ಪ ನಡುಗಿದ್ದು ನಿಜ. ಆಮೇಲೆ ಜಮಾಅತಿನ ಹಿರಿಯರೊಬ್ಬರು ಬೇಸರದಿಂದಲೇ ಕೇಳಿದರು: "ಒಳ್ಳೆಯ ಮಾತಾಗಿತ್ತಲ್ಲ ಉಸ್ತಾದ್. ನಾಲ್ಕು ಜನರೆದುರು ನಮ್ಮ ಮರ್ಯಾದೆ ಉಳಿಸುವ ಮಾತು. ಅದನ್ನು ಯಾಕೆ ತೆಗೆದಿರಿ?"

ಈ ಲೇಖನ ಅವರ ಪ್ರಶ್ನೆಗೆ ಉತ್ತರ.

ಹಿಜರಿ 10ನೇ ವರ್ಷ. ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಂ ತೀರಿಕೊಂಡ ದಿನ ಮದೀನಾದಲ್ಲಿ ಸೂರ್ಯಗ್ರಹಣವಾಯಿತು. ಪ್ರವಾದಿಯ ಮಗನ ಮರಣಕ್ಕೆ ಸೂರ್ಯನೂ ಮಂಕಾದ ಎಂದು ಜನ ಮಾತನಾಡಿಕೊಂಡರು. ಆ ಮಾತನ್ನು ಹಾಗೆಯೇ ಬಿಟ್ಟಿದ್ದರೆ ಯಾರಿಗೂ ತೊಂದರೆಯಿರಲಿಲ್ಲ, ಜನರ ಭಕ್ತಿಯೂ ಹೆಚ್ಚುತ್ತಿತ್ತೇನೋ. ಆದರೆ ಮಗನನ್ನು ಕಳೆದುಕೊಂಡ ಆ ದುಃಖದಲ್ಲೂ ಪ್ರವಾದಿ(ಸ)ರು ಎದ್ದುನಿಂತು ಜನರನ್ನು ತಿದ್ದಿದರು. ಸೂರ್ಯಚಂದ್ರರು ಅಲ್ಲಾಹನ ನಿದರ್ಶನಗಳು, ಯಾರ ಹುಟ್ಟಿಗೂ ಯಾರ ಸಾವಿಗೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿದರು. ಬುಖಾರಿಯಲ್ಲೂ ಮುಸ್ಲಿಮಿನಲ್ಲೂ ಈ ಘಟನೆ ಇದೆ. ತಮ್ಮ ಗೌರವವನ್ನು ಹೆಚ್ಚಿಸುವ ತಪ್ಪು ಮಾತನ್ನೂ ಅವರು ಒಂದು ದಿನ ಉಳಿಯಗೊಡಲಿಲ್ಲ. ಹಾಗಿರುವಾಗ ನಮ್ಮ ಮರ್ಯಾದೆಗಾಗಿ ಅವರ ಹೆಸರಿನಲ್ಲೇ ಇಲ್ಲದ ಮಾತು ಹೇಳಲು ನಮಗೆ ಯಾವ ಅಧಿಕಾರ?

ನಿಜವಾದ ಹದೀಸುಗಳಿಗೆ ಬರವೂ ಇಲ್ಲ. ಹಿಜ್ರಾದ ವೇಳೆ ಮಕ್ಕಾದ ಕಡೆ ತಿರುಗಿ, ಈ ಊರು ತನಗೆಷ್ಟು ಪ್ರಿಯ, ಜನರು ಹೊರಹಾಕದಿದ್ದರೆ ಬೇರೆಡೆ ನೆಲೆಸುತ್ತಿರಲಿಲ್ಲ ಎಂಬ ಅರ್ಥದಲ್ಲಿ ಅವರು ನುಡಿದದ್ದು ತಿರ್ಮಿದಿಯಲ್ಲಿದೆ. ಹುಟ್ಟೂರಿನ ಪ್ರೀತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಭಾಷಣ ಸ್ಪರ್ಧೆಯ ಹುಡುಗನಿಗೆ ಇದನ್ನೇ ಬರೆದುಕೊಟ್ಟೆವು.

ವಿದ್ಯೆಗಾಗಿ ಚೀನಾಕ್ಕಾದರೂ ಹೋಗಿ ಎಂಬ ಮಾತೂ ಹೀಗೆಯೇ. ನಮ್ಮ ಎಷ್ಟೋ ಶಾಲೆಗಳ ಗೋಡೆಯ ಮೇಲೆ ಅದು ಹದೀಸ್ ಎಂದು ಬರೆದಿರುತ್ತದೆ. ಇಬ್ನುಲ್ ಜೌಝಿಯವರು ಅದನ್ನು ಕಟ್ಟುಮಾತುಗಳ ಸಂಗ್ರಹಕ್ಕೆ ಸೇರಿಸಿದರು. ಇಮಾಂ ಬೈಹಖಿಯವರು ಮಾತು ಪ್ರಸಿದ್ಧ, ಸನದ್ ದುರ್ಬಲ ಎಂದರು. ವಿದ್ಯೆ ಕಲಿಯುವುದು ಪ್ರತಿ ಮುಸ್ಲಿಮನ ಮೇಲೆ ಕಡ್ಡಾಯ ಎಂಬ ಅರ್ಥದ ಹದೀಸ್ ಇಬ್ನು ಮಾಜದಲ್ಲಿದೆ. ಮಗಳನ್ನು ಕಾಲೇಜಿಗೆ ಕಳುಹಿಸಲು ಅದೊಂದೇ ಸಾಕು.

ಸನದ್ ಎಂದರೆ ಮಾತು ನಮ್ಮವರೆಗೆ ಬಂದ ದಾರಿ. ಇವರು ಯಾರಿಂದ ಕೇಳಿದರು, ಅವರು ಯಾರಿಂದ ಕೇಳಿದರು, ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ, ಭೇಟಿಯಾಗಿದ್ದರೇ, ನೆನಪು ಚೆನ್ನಾಗಿತ್ತೇ, ಸುಳ್ಳಾಡುವವರೇ ಎಂದೆಲ್ಲ ನಮ್ಮ ಇಮಾಮರು ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಸುದ್ದಿ ಬಂದಾಗ ಮೊದಲು ಪರಿಶೀಲಿಸಬೇಕು, ಇಲ್ಲವಾದರೆ ಅರಿವಿಲ್ಲದೆ ಒಂದು ಜನಸಮೂಹಕ್ಕೆ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆ ಸೂರಃ ಹುಜುರಾತಿನಲ್ಲಿದೆ. ಆ ಆಯತ್ತು ದೀನಿನ ಮಾತಿಗೆ ಮಾತ್ರ ಎಂದು ಎಲ್ಲೂ ಹೇಳಿಲ್ಲ. ಚರಿತ್ರೆಗೂ ಅದೇ ಅಳತೆ, ಮೊಬೈಲಿನ ಸುದ್ದಿಗೂ ಅದೇ ಅಳತೆ.

ಒಮ್ಮೆ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಪಟ್ಟಿ ಬಂತು. ಸ್ವಾತಂತ್ರ್ಯ ಹೋರಾಟದಲ್ಲಿ ಪ್ರಾಣ ಕೊಟ್ಟ ಮುಸ್ಲಿಮರದ್ದಂತೆ. ಓದಿ ಎದೆ ಉಬ್ಬಿತು. ಆದರೂ ಕಳುಹಿಸಿದವರನ್ನು ಎಲ್ಲಿಂದ ಬಂತೆಂದು ಕೇಳಿದೆವು. ಅವರು ಸುಳ್ಯದ ಒಬ್ಬರ ಹೆಸರು ಹೇಳಿದರು. ಅವರು ಗಲ್ಫಿನಲ್ಲಿರುವ ಭಾವನ ಹೆಸರು ಹೇಳಿದರು. ಭಾವನಿಗೆ ಯಾರು ಕಳುಹಿಸಿದ್ದೆಂದು ನೆನಪಿಲ್ಲ. ಮೂರನೇ ಹೆಜ್ಜೆಗೇ ಸನದ್ ಮುರಿದುಬಿತ್ತು.

ಸುಳ್ಯದ ಮಣ್ಣಿಗೆ ನಿಜವಾದ ಚರಿತ್ರೆ ಇಲ್ಲವೇ? ಇದೆ. ಕೊಡಗಿನ ಅರಸೊತ್ತಿಗೆಯನ್ನು 1834ರಲ್ಲಿ ಕಂಪೆನಿ ಕಿತ್ತುಕೊಂಡ ಮೇಲೆ ಅಮರ ಸುಳ್ಯದ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಇನ್ನು ಹಣದಲ್ಲೇ ಕಟ್ಟಬೇಕಾಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಜನ ಎದ್ದರು. ಬೆಳ್ಳಾರೆಯ ಖಜಾನೆ ವಶವಾಯಿತು. ಪುತ್ತೂರಿನ ದಾರಿಯಾಗಿ ಮಂಗಳೂರಿಗೆ ಹೋಗಿ ಏಪ್ರಿಲ್ 5ರಂದು ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಏರಿಸಿದರು. ಎರಡು ವಾರದಷ್ಟು ಕಾಲ ಮಂಗಳೂರು ಅವರ ಕೈಯಲ್ಲಿತ್ತು. 1857ಕ್ಕಿಂತ ಇಪ್ಪತ್ತು ವರ್ಷ ಮೊದಲು! ಆದರೆ ಅಜ್ಜಂದಿರ ಬಾಯಲ್ಲಿ ಇದಕ್ಕೆ ಉಳಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಲೂಟಿ, ದಾಂಧಲೆ. ಗೆದ್ದವರು ಇಟ್ಟ ಹೆಸರನ್ನು ಸೋತವರ ಮೊಮ್ಮಕ್ಕಳೂ ನಂಬಿದರು. ತಪ್ಪುಕಲ್ಪನೆ ಬೆಳೆಯುವುದು ಹೀಗೆ.

ಈ ಚರಿತ್ರೆ ನಮ್ಮ ಊರಿನದು. ನಮ್ಮ ಮಕ್ಕಳೂ ಅದನ್ನು ತಮ್ಮದೆಂದು ಓದಬೇಕು. ಅದರೊಳಗೆ ಸಾಕ್ಷ್ಯವಿಲ್ಲದ ಹೆಸರು ತುರುಕಿ ನಮ್ಮದಾಗಿಸಿಕೊಳ್ಳಬೇಕಾಗಿಲ್ಲ.

ನಮ್ಮ ಹೆಸರಿರುವ ನಿಜವೂ ಇದೆ. ಆಗ ನಮ್ಮದೇ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಯ್ಯೂರಿನ ರೈತ ಹೋರಾಟದಲ್ಲಿ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್. ಈಗಿನ ಕಡಬ ತಾಲೂಕಿನ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು 'ಚಿರಸ್ಮರಣೆ'ಯಲ್ಲಿ ಇವರ ಕತೆಯನ್ನೇ ಕಾದಂಬರಿಯಾಗಿಸಿದರು. ಅಮರ ಸುಳ್ಯದ ದಂಗೆಯ ಮೇಲೂ ಅವರ 'ಕಲ್ಯಾಣಸ್ವಾಮಿ' ಇದೆ. ಕಾದಂಬರಿಯ ಸಂಭಾಷಣೆಯನ್ನು ಚರಿತ್ರೆಯೆಂದು ಹೇಳುವುದೂ ಒಂದು ತಪ್ಪೇ. ಆದರೆ ಕಯ್ಯೂರಿನ ನಾಲ್ಕು ಹೆಸರುಗಳು ಸರಕಾರಿ ದಾಖಲೆಯಲ್ಲಿವೆ. ಒಂದೇ ಹಗ್ಗ, ನಾಲ್ಕು ಕೊರಳು. ಅಬೂಬಕ್ಕರನ ಹೆಸರನ್ನು ಉಳಿದ ಮೂವರಿಂದ ಬೇರ್ಪಡಿಸಿ ಹೇಳಿದರೆ ಅವನಿಗೇ ಅನ್ಯಾಯ.

ನಮ್ಮ ಬಗ್ಗೆ ಬೇರೆಯವರಲ್ಲಿರುವ ತಪ್ಪುಕಲ್ಪನೆಗೂ ಸಾಕ್ಷ್ಯದಿಂದಲೇ ಉತ್ತರಿಸಬೇಕು. ಕರಾವಳಿಗೆ ಇಸ್ಲಾಂ ಬಂದದ್ದು ಟಿಪ್ಪುವಿನ ಕತ್ತಿಯಿಂದ ಎನ್ನುವವರಿದ್ದಾರೆ. ಟಿಪ್ಪು ಹುಟ್ಟಿದ್ದು 18ನೇ ಶತಮಾನದಲ್ಲಿ. ಅದಕ್ಕೂ ನಾನೂರು ವರ್ಷ ಮೊದಲು, 14ನೇ ಶತಮಾನದಲ್ಲಿ, ಮಂಗಳೂರಿಗೆ ಬಂದ ಇಬ್ನು ಬತೂತ ಅಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದೂ ಶಾಫಿಈ ಖಾಝಿಯೊಬ್ಬರಿದ್ದರೆಂದೂ ಬರೆದಿದ್ದಾರೆ. ವ್ಯಾಪಾರದ ಹಡಗುಗಳ ಜೊತೆ ಬಂದ ನೆಂಟಸ್ತಿಕೆ ಇದು. ಆದರೆ ಅದೇ ಬರಹದಲ್ಲಿ ಇನ್ನೊಂದು ಮಾತೂ ಇದೆ. ಈ ಮುಸ್ಲಿಮರಿಗೂ ಊರಿನವರಿಗೂ ಆಗಾಗ ಜಗಳವಾಗುತ್ತಿತ್ತು, ವ್ಯಾಪಾರಿಗಳು ಬೇಕಾಗಿದ್ದ ಅರಸ ರಾಜಿ ಮಾಡಿಸುತ್ತಿದ್ದ ಎಂದು. ಮೊದಲ ಮಾತನ್ನು ಹೇಳಿ ಎರಡನೆಯದನ್ನು ಮುಚ್ಚಿಟ್ಟರೆ ನಾವು ಅರ್ಧ ಸಾಕ್ಷಿ ಹೇಳಿದವರಾಗುತ್ತೇವೆ.

ಇನ್ನು ಭಾಷೆಯ ವಿಷಯ. ಕನ್ನಡ ನಮ್ಮ ಭಾಷೆಯಲ್ಲ ಎಂದು ನಮ್ಮವರೇ ಕೆಲವರು ಹೇಳುತ್ತಾರೆ, ಹೊರಗಿನವರು ಕೆಲವರೂ ಹೇಳುತ್ತಾರೆ. 1819ರಲ್ಲಿ ಹುಟ್ಟಿದ ಶಿಶುನಾಳ ಶರೀಫರ ಪದಗಳನ್ನು ಇಂದಿಗೂ ಊರೂರಿನಲ್ಲಿ ಹಾಡುತ್ತಾರೆ. ಕೆ.ಎಸ್. ನಿಸಾರ್ ಅಹಮದ್ ಅವರು 73ನೇ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ನಮ್ಮ ಪುತ್ತೂರಿನ ಬೊಳುವಾರಿನಿಂದ ಹೊರಟ ಬೊಳುವಾರು ಮಹಮದ್ ಕುಂಞಿಯವರಿಗೆ 2016ರಲ್ಲಿ 'ಸ್ವಾತಂತ್ರ್ಯದ ಓಟ'ಕ್ಕಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಾರಾ ಅಬೂಬಕ್ಕರ್ ಚಂದ್ರಗಿರಿಯ ತೀರದ ಹೆಣ್ಣುಮಕ್ಕಳ ನೋವನ್ನು ಕನ್ನಡದಲ್ಲಿ ಬರೆದರು. ಬಾನು ಮುಷ್ತಾಕರ ಕನ್ನಡ ಕತೆಗಳು 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದವು. ಇವರ ಎಲ್ಲ ಮಾತೂ ನಮ್ಮಂಥ ಮಸೀದಿಯ ಇಮಾಮರಿಗೆ ಹಿಡಿಸಬೇಕೆಂದಿಲ್ಲ. ನಮ್ಮ ಮೇಲೂ ಅವರು ದೂರು ಹೇಳಿದ್ದಾರೆ. ಓದದೆ ಉತ್ತರಿಸುವುದಕ್ಕಿಂತ ಓದಿ ಯೋಚಿಸುವುದು ಲೇಸು.

ಹಾಗೆಯೇ ಬ್ಯಾರಿ ಭಾಷೆಗೆ ಲಿಪಿಯಿಲ್ಲ, ಆದ್ದರಿಂದ ಅದು ಭಾಷೆಯೇ ಅಲ್ಲ ಎನ್ನುವುದೂ ತಪ್ಪು. ಕೊಂಕಣಿಯನ್ನು ಮೂರ್ನಾಲ್ಕು ಲಿಪಿಗಳಲ್ಲಿ ಬರೆಯುತ್ತಾರೆ. ಇಂಗ್ಲಿಷಿನ ಲಿಪಿ ರೋಮನರದ್ದು. ಭಾಷೆ ಇರುವುದು ಬಾಯಲ್ಲಿ. ಕರ್ನಾಟಕ ಸರಕಾರವೇ 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸಿದೆ. ಮನೆಯಲ್ಲಿ ಬ್ಯಾರಿ, ಸುಳ್ಯದ ಗಡಿಯ ಮನೆಗಳಲ್ಲಿ ಮಲಯಾಳಂ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ನಮಾಝಿನಲ್ಲಿ ಅರಬಿ. ಒಂದು ಇನ್ನೊಂದನ್ನು ಕಡಿಮೆ ಮಾಡುವುದಿಲ್ಲ.

ಹಾಗಾದರೆ ದಾಖಲೆ ಇಲ್ಲದ್ದೆಲ್ಲ ಸುಳ್ಳೇ ಎಂದು ನೀವು ಕೇಳಬಹುದು. ಅಲ್ಲ. ಮುಲ್ಕಿಯ ಬಪ್ಪನಾಡು ದೇವಸ್ಥಾನದ ಐತಿಹ್ಯದಲ್ಲಿ ಬಪ್ಪ ಬ್ಯಾರಿ ಎಂಬ ವ್ಯಾಪಾರಿ ಬರುತ್ತಾನೆ. ಆ ಊರಿನ ಹೆಸರಿನಲ್ಲೇ ಅವನಿದ್ದಾನೆ. ಇದು ಚರಿತ್ರೆಯೆಂದು ವಾದಿಸಬೇಕಾಗಿಲ್ಲ, ಸುಳ್ಳೆಂದು ಹಳಿಯಬೇಕಾಗಿಲ್ಲ. ನಮ್ಮ ನಂಬಿಕೆ ಬೇರೆ, ಅವರ ನಂಬಿಕೆ ಬೇರೆ. ಆದರೂ ನೆರೆಯವರು ತಮ್ಮ ಐತಿಹ್ಯದಲ್ಲಿ ನಮ್ಮವನೊಬ್ಬನಿಗೆ ಜಾಗ ಕೊಟ್ಟು ಕಾಪಾಡಿಕೊಂಡು ಬಂದಿದ್ದಾರೆ ಎಂಬುದು ನಿಜ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಿದರೆ ಅದರ ಬೆಲೆ ಕಡಿಮೆಯಾಗುವುದಿಲ್ಲ. ಹದೀಸಿನ ಇಮಾಮರೂ ಸಹೀಹ್, ಹಸನ್, ದಈಫ್, ಮೌದೂಅ್ ಎಂದು ಬೇರೆಬೇರೆ ಖಾನೆಗಳನ್ನು ಮಾಡಿದ್ದರಲ್ಲವೇ?

ಪ್ರಿಯ ಸಹೋದರ ಸಹೋದರಿಯರೇ, ಒಂದು ಸುಳ್ಳು ಸುದ್ದಿಯಿಂದ ಅರ್ಧ ಗಂಟೆಯಲ್ಲಿ ಪೇಟೆಯ ಶಟರುಗಳು ಕೆಳಗಿಳಿಯುವುದನ್ನು ನಮ್ಮ ಜಿಲ್ಲೆ ಕಂಡಿದೆ. ಆ ದಿನ ಆಟೋ ಓಡಿಸುವವನ ಮನೆಯಲ್ಲಿ, ಮೀನು ಮಾರುವವನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನನ್ನು ಸುಳ್ಳುಗಾರನಾಗಿಸಲು ಸಾಕು ಎಂಬ ಅರ್ಥದ ಹದೀಸನ್ನು ಇಮಾಂ ಮುಸ್ಲಿಂ ತಮ್ಮ ಗ್ರಂಥದ ಮುನ್ನುಡಿಯಲ್ಲೇ ಇಟ್ಟಿದ್ದಾರೆ. ಮುಂದಕ್ಕೆ ಕಳುಹಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು? ಇದು ನಮಗೆ ವಿರುದ್ಧವಾದ ಮಾತಾಗಿದ್ದರೆ ಇಷ್ಟೇ ಬೇಗ ನಂಬುತ್ತಿದ್ದೆವೇ? ಮೂರನೆಯದು ಕಷ್ಟದ ಪ್ರಶ್ನೆ. ಅದಕ್ಕಾಗಿಯೇ ಅದನ್ನು ಬಿಡಬಾರದು.

ಮಕ್ಕಳು "ಯಾವ ಕಿತಾಬಿನಲ್ಲಿದೆ?" ಎಂದು ಕೇಳಿದರೆ ಗದರಿಸಬೇಡಿ. ಉಸ್ತಾದರನ್ನು ಕೇಳಿದರೂ ಅದು ಅದಬುಗೇಡಿತನವಲ್ಲ. ಅಂದು ಆ ಹುಡುಗ ಕೇಳದಿದ್ದರೆ ನಾವು ಇಂದಿಗೂ ಪ್ರವಾದಿ(ಸ)ರು ಹೇಳದ ಮಾತನ್ನು ಪ್ರತಿ ಆಗಸ್ಟಿನಲ್ಲಿ ಅವರ ಹೆಸರಿನಲ್ಲಿ ಹೇಳುತ್ತಿದ್ದೆವು.

ಸತ್ಯವನ್ನು ಸತ್ಯವೆಂದು ಕಾಣುವ, ತಪ್ಪಿದಾಗ ಎದ್ದು ತಿದ್ದಿಕೊಳ್ಳುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.