ಗಡಿ ದಾಟಿದರೇನೇ ಪೂರ್ತಿ ಕಾಣೋ ಜಲಪಾತ

ಒಂದು ಜಲಪಾತವನ್ನ ಪೂರ್ತಿ ನೋಡೋಕೆ
ಎರಡು ದೇಶ ಸುತ್ತಬೇಕಾ?

ಹೌದು! ಇದು ವಿಕ್ಟೋರಿಯಾ ಜಲಪಾತ.
ಈ ಕಡೆ ಜಿಂಬಾಬ್ವೆ, ಆ ಕಡೆ ಜಾಂಬಿಯಾ.
ನಡುವೆ 1905ರ ಉಕ್ಕಿನ ಸೇತುವೆ.
ನಡೆದೇ ದಾಟಬಹುದು.

ಕೋವಿಡ್ ಬಂತು, ಗಡಿ ಮುಚ್ಚಿತು.
ಪ್ರವಾಸಿಗರನ್ನೇ ನಂಬಿದ್ದ ಇಲ್ಲಿನ ಊರು ಬಣಗುಟ್ಟಿತು.

ಈಗ ಮತ್ತೆ ಜನ ಬರ್ತಿದ್ದಾರೆ.
ರಸ್ತೆಯೂ ಸುಧಾರಿಸಿದೆ.

ಪಶ್ಚಿಮಕ್ಕೆ ಹೋದರೆ ಕಜುಂಗುಲಾ.
ಜಾಂಬೆಜಿ ನದಿ ದಾಟೋಕೆ
ಮೊದಲು ಫೆರ್ರಿ ಒಂದೇ ಗತಿ.
ಪಾಪ, ಲಾರಿಯವರು ದಿನಗಟ್ಟಲೆ ಕಾಯ್ತಿದ್ರು.

2021ರಲ್ಲಿ ಜಾಂಬಿಯಾ, ಬೋಟ್ಸ್ವಾನಾ ನಡುವೆ ಸೇತುವೆ ತೆರೆಯಿತು.
923 ಮೀಟರ್ ಉದ್ದ.
ಆದ್ರೆ ನೋಡಿ, ನೇರವಾಗಿಲ್ಲ!
ಪಕ್ಕದ ಮನೆ ಬೇಲಿ ಬಳಸಿ ಹೋಗೋ
ಕಾಲುದಾರಿ ಥರ,
ಜಿಂಬಾಬ್ವೆ ಗಡಿ ಮುಟ್ಟದೆ ಬಾಗಿದೆ.

ಇನ್ನು ಕಾಜಾ ವೀಸಾ.
ಒಂದೇ ವೀಸಾದಲ್ಲಿ ಜಾಂಬಿಯಾ, ಜಿಂಬಾಬ್ವೆ ಎರಡೂ.
ಬೆಳಿಗ್ಗೆ ಬೋಟ್ಸ್ವಾನಾದ ಚೋಬೆ ಉದ್ಯಾನಕ್ಕೆ ಹೋಗಿ,
ಆನೆ ಹಿಂಡು ಕಣ್ತುಂಬ ನೋಡಿ,
ಸಂಜೆಗೆ ವಾಪಸ್ ಬರಬಹುದು!